ಬರಿ ಪಾತ್ರೆ ಕೊಡದ ಅತ್ತೆ

ಜನ ವಿಮಾನ ಹತ್ತಿ ಪರದೇಶಕ್ಕೆ ಯಾಕೆ ಹೋಗುತ್ತಾರೆ? ಓದುವುದಕ್ಕೆ ಹೋಗುತ್ತಾರೆ, ದುಡಿಯುವುದಕ್ಕೆ ಹೋಗುತ್ತಾರೆ, ಮಗಳ ಬಾಣಂತನಕ್ಕೆ ಹೋಗುತ್ತಾರೆ, ಏನೂ ಇಲ್ಲದಿದ್ದರೆ ಫೋಟೊ ತೆಗೆಸಿಕೊಳ್ಳುವುದಕ್ಕಾದರೂ ಹೋಗುತ್ತಾರೆ. ಪಾತ್ರೆ ವಾಪಸ್ ಕೊಡುವುದಕ್ಕೆ ಸಮುದ್ರ ದಾಟಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು ಬಂತು, ಅವರ ಪಕ್ಕದ ಸೀಟಿನಲ್ಲೇ ಕೂತು, ಆ ಪಾತ್ರೆಯನ್ನು ನನ್ನ ಸರದಿ ಬಂದಾಗ ತೊಡೆಯ ಮೇಲಿಟ್ಟುಕೊಂಡು ಮಧುಗಿರಿಯಿಂದ ಕೀನ್ಯಾಕ್ಕೆ ಹೋಗಿ ಬಂದಿದ್ದೇನೆ! ಅವರು ನಮ್ಮ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ. ಪಾತ್ರೆ ಅಂದರೆ ಬೆಳ್ಳಿಯದೂ ಅಲ್ಲ, ತಾಮ್ರದ್ದೂ ಅಲ್ಲ, ಒಣಗಿಸಿ ಕೊರೆದ ಸೋರೆಬುರುಡೆ. ಬುರುಡೆ ಬಿಡುತ್ತಿದ್ದೇನೆ ಅಂದುಕೊಳ್ಳಬೇಡಿ, ನಡೆದದ್ದನ್ನೇ ಹೇಳುತ್ತಿದ್ದೇನೆ. ಅತ್ತೆಯ ಹೆಸರನ್ನು ಮಾತ್ರ ಕೇಳಬೇಡಿ. ಹೆಸರು ಅಚ್ಚಾದರೆ ನನಗೆ ಈ ಜನ್ಮದಲ್ಲಿ ಅವರ ಕೈಯ ಕಜ್ಜಾಯ ಸಿಗುವುದಿಲ್ಲ.

ಅತ್ತೆ ಸರ್ಕಾರಿ ನರ್ಸ್ ಆಗಿದ್ದವರು. ಶಿರಾ ಕಡೆ ಬರಗೂರು, ಕೊರಟಗೆರೆ ಕಡೆ ತೋವಿನಕೆರೆ, ಪಾವಗಡದ ಕಡೆ ತಿರುಮಣಿ, ಎಲ್ಲಿಗೆ ವರ್ಗ ಮಾಡಿದರೂ ಒಂದು ಟ್ರಂಕು, ಒಂದು ಬೈಬಲ್ಲು, ಮುದ್ದೆ ತಿರುವುವ ಒಂದು ಹಿಟ್ಟಿನ ಕೋಲು ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮಧುಗಿರಿಯೂ ಸೇರಿ ಈ ನಾಲ್ಕು ತಾಲ್ಲೂಕಿನಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರ ಬೆನ್ನಿಗೆ ಹುಟ್ಟಿದ ಕೂಡಲೇ ಮೊದಲ ಏಟು ಕೊಟ್ಟು ಅಳಿಸಿದವರು ಇವರೇ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಡದೆ ಕೂತಿದ್ದರೆ ಆ ವಿಷಯವನ್ನು ನೆನಪಿಸುವುದೂ ಉಂಟು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ಊರಿನ ಹೆರಿಗೆಗಳ ಮಧ್ಯೆ ಪುರುಸೊತ್ತು ಆಗಲಿಲ್ಲ ಅನ್ನುತ್ತಿದ್ದರು. ನಿವೃತ್ತಿ ಆದಮೇಲೆ ಮಧುಗಿರಿಯಲ್ಲಿ ನಮ್ಮ ಚರ್ಚಿನ ಹಿಂದಿನ ಗಲ್ಲಿಯಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡು ಒಬ್ಬರೇ ಇದ್ದಾರೆ.

ಬರಿ ಪಾತ್ರೆ ವಾಪಸ್ ಕೊಡಬಾರದು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರಿವಾಜು. ಪಕ್ಕದ ಮನೆಯವರು ಹೋಳಿಗೆ ಕಳಿಸಿದರೆ ಅವರ ಡಬ್ಬಿಗೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವುದು ಮರ್ಯಾದೆ. ಆದರೆ ಮರ್ಯಾದೆಗೂ ಒಂದು ಮಿತಿ ಬೇಡವೇ? ಅತ್ತೆಗೆ ಅದು ಬೈಬಲಿನ ಹತ್ತು ಆಜ್ಞೆಗಳ ಮೇಲೆ ಹನ್ನೊಂದನೆಯ ಆಜ್ಞೆ. ದೇವರು ಆಜ್ಞೆ ಕೆತ್ತಿಕೊಟ್ಟ ಕಲ್ಲುಗಳನ್ನು ಹೊತ್ತು ಮೋಶೆ ಬೆಟ್ಟ ಇಳಿಯುವ ಅವಸರದಲ್ಲಿ ಆ ಒಂದು ಕಲ್ಲನ್ನು ಮೇಲೆಯೇ ಮರೆತುಬಿಟ್ಟ ಅನ್ನುವುದು ಅವರ ಗಟ್ಟಿ ನಂಬಿಕೆ. ತೋವಿನಕೆರೆಯಿಂದ ವರ್ಗ ಆಗಿ ಹೋದಮೇಲೆ ಸಾಮಾನಿನ ಜೊತೆ ಯಾರದೋ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಂದುಬಿಟ್ಟಿದೆ ಅಂತ ಗೊತ್ತಾಗಿ, ರಜ ಹಾಕಿ, ಎರಡು ಬಸ್ಸು ಬದಲಾಯಿಸಿ ಹೋಗಿ ಕೊಟ್ಟು ಬಂದರು. ಮುಚ್ಚಳಕ್ಕೆ ಏನು ತುಂಬುವುದು ಅಂತ ಕೇಳುತ್ತೀರಾ? ಅದನ್ನು ಅಂಗಾತ ಇಟ್ಟು ಚಟ್ನಿಪುಡಿ ಗೋಪುರ ಮಾಡಿಕೊಂಡು ಹೋಗಿದ್ದರು!

ಇನ್ನು ಅತ್ತೆಗೂ ಎದುರುಮನೆಯ ಗೌಡರ ಹೆಂಡತಿಗೂ ನಡುವೆ ಓಡಾಡುವ ಸ್ಟೀಲ್ ಡಬ್ಬಿಯದು ದೊಡ್ಡ ಕಥೆ. ಅತ್ತೆ ಕ್ರಿಸ್‌ಮಸ್ಸಿನ ಕರ್ಜಿಕಾಯಿ ತುಂಬಿ ಕಳಿಸಿದರು, ಆಯಮ್ಮ ಸಂಕ್ರಾಂತಿಯ ಎಳ್ಳು ತುಂಬಿ ಕಳಿಸಿದರು, ಇವರು ಈಸ್ಟರಿನ ಕೇಕು, ಅವರು ಯುಗಾದಿಯ ಒಬ್ಬಟ್ಟು. ಇಬ್ಬರಲ್ಲಿ ಒಬ್ಬರೂ ಬರಿದಾಗಿ ಕೊಡುವವರಲ್ಲ, ಹಾಗಾಗಿ ಡಬ್ಬಿ ಒಂದು ದಿನವೂ ಸುಮ್ಮನೆ ಕೂತಿದ್ದಿಲ್ಲ. ಕೊನೆಗೆ ಅದು ಯಾರ ಮನೆಯದು ಅನ್ನುವುದೇ ಇಬ್ಬರಿಗೂ ಮರೆತುಹೋಯಿತು. ಒಂದು ಮಧ್ಯಾಹ್ನ ಇಬ್ಬರೂ ಕೂತು, ಕನ್ನಡಕ ಹಾಕಿಕೊಂಡು, ತಳದಲ್ಲಿ ಕೊರೆಸಿದ ಹೆಸರನ್ನು ಓದಿದರು. ಅದು ಶಿರಾ ರಸ್ತೆಗೆ ಮನೆ ಬದಲಾಯಿಸಿಕೊಂಡು ಹೋದ ಮೂರನೆಯವರ ಹೆಸರು! ಅವರಿಬ್ಬರೂ ಆ ಸಂಜೆಯೇ ಚಕ್ಕುಲಿ ಹಿಟ್ಟು ಕಲಸಲು ಕೂತರು.

ಹೊರಗಿನವರ ಜೊತೆ ಹೀಗಿದ್ದರೆ ಸರಿ ಅನ್ನೋಣ, ನಮ್ಮ ಜೊತೆಯೂ ಇದೇ ವರಸೆ. ಅಮ್ಮ ಒಂದು ಬಟ್ಟಲು ಬಸ್ಸಾರು ಕಳಿಸಿದರೆ ಸಂಜೆಯೊಳಗೆ ಆ ಬಟ್ಟಲಲ್ಲಿ ನಿಪ್ಪಟ್ಟು ಬಂದು ಕೂತಿರುತ್ತಿತ್ತು. ಅಮ್ಮನಿಗೆ ಇದು ನುಂಗಲಾರದ ತುತ್ತು. ನಾವೇನು ಪರರಾ ಅಂತ ಎಷ್ಟೋ ಸಲ ಜಗಳ ಆಡಿದ್ದಾರೆ. ಅತ್ತೆಯ ಉತ್ತರ ಒಂದೇ: "ಯಾರ ಋಣನೂ ಇಟ್ಕೋಬಾರ್ದು ಕಣಮ್ಮ." ಜ್ವರ ಬಂದರೂ ಹೇಳಿ ಕಳಿಸುವವರಲ್ಲ. ಬಾಗಿಲು ಹಾಕಿಕೊಂಡು ತಾವೇ ಎದ್ದು ಗಂಜಿ ಕಾಯಿಸಿ ಕುಡಿದು, ಜ್ವರ ಬಿಟ್ಟಮೇಲೆ ಒಂದು ಡಬ್ಬಿ ತಿಂಡಿ ಹಿಡಿದುಕೊಂಡು ನಮ್ಮ ಮನೆಗೆ ಬಂದು, ಹೋದ ವಾರ ಸ್ವಲ್ಪ ಮೈ ಬೆಚ್ಚಗಿತ್ತು ಅನ್ನುವವರು.

ಇಂಥವರು ಕೀನ್ಯಾದಿಂದ ಒಂದು ಬುರುಡೆಯ ಋಣ ಹೊತ್ತುಕೊಂಡು ಬಂದರೆ ಸುಮ್ಮನಿರುತ್ತಾರೆಯೇ?

ಆ ಮೊದಲ ಪ್ರಯಾಣದ ಕಥೆ ಹೀಗೆ. ನಮ್ಮ ನಾಲ್ಕು ತಾಲ್ಲೂಕಿನ ಸಣ್ಣ ಸಣ್ಣ ಚರ್ಚ್ ಸಭೆಗಳವರು ಸೇರಿ ಒಂದು ತಂಡ ಕಟ್ಟಿ, ಪಡುವಣ ಕೀನ್ಯಾದ ಒಂದು ಗುಡ್ಡದ ಹಳ್ಳಿಗೆ ಎರಡು ವಾರದ ಸೇವೆಗೆ ಹೊರಟರು. ಆರೋಗ್ಯ ಶಿಬಿರ, ಮಕ್ಕಳಿಗೆ ಹಾಡು ಕಥೆ, ಹೆಂಗಸರಿಗೆ ಹೊಲಿಗೆ, ಸಂಜೆ ಪ್ರಾರ್ಥನೆ. ತಂಡದ ನಾಯಕರು ಶಿರಾದ ನಿವೃತ್ತ ಲೆಕ್ಚರರ್ ಸಾರ್. ಹಾಡಿಗೆ ಪಾವಗಡದ ಒಬ್ಬ ಅಕ್ಕ. ಮಾತ್ರೆ ಇಂಜೆಕ್ಷನ್ನಿಗೆ ನಮ್ಮ ಅತ್ತೆ. ಆಫ್ರಿಕಾದ ಜನ ಪಾಪ ಮುದ್ದೆ ಇಲ್ಲದೆ ಹೆಂಗೆ ಬದುಕಿದ್ದಾರೋ ಅಂತ ಮರುಗಿ, ಅತ್ತೆ ತಮ್ಮ ಬಟ್ಟೆಬರೆ ಕಡಿಮೆ ಮಾಡಿ ಪೆಟ್ಟಿಗೆ ತುಂಬ ರಾಗಿಹಿಟ್ಟು ಕಟ್ಟಿಕೊಂಡರು. ಜೊತೆಗೆ ಹಿಟ್ಟಿನ ಕೋಲು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಪಾವಗಡದ ಅಕ್ಕ. ಅವರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಉಳಿದದ್ದೆಲ್ಲ ನಗು. ಚರ್ಚಿನ ಹೆಂಗಸರನ್ನೆಲ್ಲ ಕೂರಿಸಿ ಅತ್ತೆ ಒಲೆಯ ಮೇಲೆ ಎಸರಿಟ್ಟು ಹಿಟ್ಟು ಸುರಿದು ತಿರುವತೊಡಗಿದರಂತೆ. ಆ ಹೆಂಗಸರು ಬಹಳ ಮರ್ಯಾದೆಯಿಂದ ನೋಡುತ್ತಿದ್ದರಂತೆ. ಅತ್ತೆಗೆ ಅವತ್ತೇ ಜ್ವರ ಶುರುವಾಗಿತ್ತು, ಬಿಗಿಯಾಗಿ ತಿರುವಲು ಆಗದೆ ಹಿಟ್ಟು ಗಂಟಾಯಿತು. ಆಗ ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದು, ನಗುತ್ತಾ ಕೋಲು ಕಿತ್ತುಕೊಂಡು, ಒಂದು ಗಂಟೂ ಇಲ್ಲದಂತೆ ತಿರುವಿ ಇಳಿಸಿಬಿಟ್ಟರಂತೆ! ಅವರ ಮನೆಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ದಿನಾ ಆಗುತ್ತದೆ. ರಾಗಿಯೂ ಬೆಳೆಯುತ್ತಾರೆ, ಅಂಬಲಿಯೂ ಕಾಯಿಸುತ್ತಾರೆ. ನಮ್ಮತ್ತೆ ಹೊತ್ತುಕೊಂಡು ಹೋದದ್ದು ಸಮುದ್ರಕ್ಕೆ ಉಪ್ಪು.

ಆಮೇಲೆ ಅತ್ತೆ ಜ್ವರದಲ್ಲಿ ಮಲಗಿಬಿಟ್ಟರು. ಆರೈಕೆ ಮಾಡಲು ಹೋದವರಿಗೇ ಆರೈಕೆ! ಆ ಹೆಂಗಸು ದಿನವೂ ಒಂದು ಸೋರೆಬುರುಡೆಯಲ್ಲಿ ಹುಳಿ ಅಂಬಲಿ ತಂದು, ಪಕ್ಕದಲ್ಲಿ ಕೂತು, ಖಾಲಿ ಆಗುವತನಕ ಕುಡಿಸಿ ಹೋಗುತ್ತಿದ್ದರು. ಬುರುಡೆ ಒಂದು ಕಡೆ ಸೀಳಿತ್ತು. ಸೀಳಿಗೆ ನೀಲಿ ದಾರದ ಹೊಲಿಗೆ ಹಾಕಿ, ಮೇಣ ಮೆತ್ತಿದ್ದರು. ತಂಡ ಹೊರಡುವ ಬೆಳಗ್ಗೆ ವ್ಯಾನ್ ಹತ್ತುವ ಹೊತ್ತಿಗೆ ಸರಿಯಾಗಿ ಆಯಮ್ಮ ಓಡಿ ಬಂದು ಬಿಸಿ ಬಿಸಿ ಬುರುಡೆಯನ್ನು ಕಿಟಕಿಯಿಂದ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಊದಿ ಊದಿ ಎರಡು ಗುಟುಕು ಕುಡಿಯುವಷ್ಟರಲ್ಲಿ ವ್ಯಾನ್ ಗುಡ್ಡ ಇಳಿದಿತ್ತು. ನಿಲ್ಲಿಸಿ ಅಂತ ಅತ್ತೆ, ವಿಮಾನ ತಪ್ಪುತ್ತೆ ಅಂತ ಸಾರ್. ಹೀಗೆ ಬುರುಡೆ ಮಧುಗಿರಿಗೆ ಬಂತು.

ಬಂದ ಭಾನುವಾರ ಚರ್ಚಿನಲ್ಲಿ ತಂಡದವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು, ಅಂದರೆ ಅಲ್ಲಿ ದೇವರು ನಡೆಸಿದ್ದನ್ನು ಸಭೆಯ ಮುಂದೆ ಹೇಳಿಕೊಂಡರು. ಸಾರ್ ಬಹಳ ಹೊತ್ತು ಮಾತಾಡಿದರು, ಪಾವಗಡದ ಅಕ್ಕ ಹಾಡಿದರು. ನಮ್ಮತ್ತೆ ಮೈಕಿನ ಮುಂದೆ ನಿಂತು, ಅಲ್ಲಿ ರಾಗಿ ಇದೆ, ಜನ ನಮಗಿಂತ ಒಳ್ಳೆಯವರು, ನಾನೊಂದು ಬುರುಡೆ ವಾಪಸ್ ಕೊಡುವುದಿದೆ, ಪ್ರಾರ್ಥನೆ ಮಾಡಿ ಅಂದು ಇಳಿದುಬಿಟ್ಟರು. ಅದು ನೆನಪಿನ ಕಾಣಿಕೆ ಅಂತ ಎಲ್ಲರೂ ಹೇಳಿದರು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮನೆಗೆ ಬಂದು ಹೇಳಿದರು. ಅಮ್ಮ ಅದನ್ನು ಶೋಕೇಸಿನಲ್ಲಿ ಇಡೋಣ ಅಂದರು. ಅತ್ತೆಗೆ ರೇಗಿತು. "ಗಂಜಿ ಕೊಟ್ಟ ಪಾತ್ರೆನ ಗಾಜಿನ ಹಿಂದೆ ಇಟ್ಟು ನೋಡ್ತಾರೇನೇ? ಅವಳು ಅಲ್ಲಿ ಬೇರೆಯೋರ ಮನೆ ಪಾತ್ರೆಲಿ ಅಂಬಲಿ ಕುಡೀತಿದ್ರೆ?"

ಕೊರಿಯರ್ ಮಾಡಿ ಅಂತ ನಾನು ಸಲಹೆ ಕೊಟ್ಟೆ. ಯಾರಿಗೆ ಅಂತ ಮಾಡುವುದು? ಆಯಮ್ಮನ ಹೆಸರು ಅತ್ತೆಗೆ ಗೊತ್ತಿಲ್ಲ! ಜ್ವರದಲ್ಲಿ ಕೇಳಿದ್ದು ತಲೆಯಲ್ಲಿ ನಿಂತಿಲ್ಲ. ತಂಡದವರ ಫೋನುಗಳನ್ನೆಲ್ಲ ತಡಕಿದೆವು. ಚರ್ಚಿನ ಫೋಟೊ, ಮಕ್ಕಳ ಫೋಟೊ, ಮೈಕ್ ಹಿಡಿದ ಸಾರ್ ಅವರ ಫೋಟೊ ಬೇಕಾದಷ್ಟಿದ್ದವು. ಒಲೆಯ ಮುಂದಿದ್ದ ಆ ಹೆಂಗಸು ಮಾತ್ರ ಒಂದರಲ್ಲೂ ಇರಲಿಲ್ಲ.

ಮತ್ತೆ ಅದೇ ಹಳ್ಳಿಗೆ ತಂಡ ಹೋಗುತ್ತದೆ ಅಂತ ಸುದ್ದಿ ಬಂದದ್ದೇ ತಡ, ಅತ್ತೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟರು. ಸಾರ್ ಎಲ್ಲರನ್ನೂ ಕರೆದು ಒಂದು ಸಣ್ಣ ಸಂದರ್ಶನ ಮಾಡುತ್ತಿದ್ದರು. ಈ ಸೇವೆಗೆ ನಿಮ್ಮ ಹೃದಯದಲ್ಲಿ ದೇವರು ಇಟ್ಟಿರುವ ಭಾರ ಏನು ಅಂತ ಅತ್ತೆಯನ್ನೂ ಕೇಳಿದರು. ಬೇರೆಯವರು ಕಣ್ಣುಮುಚ್ಚಿ ಉತ್ತರ ಕೊಟ್ಟಿದ್ದರು. ಅತ್ತೆ ಚೀಲದಿಂದ ಬುರುಡೆ ತೆಗೆದು ಮೇಜಿನ ಮೇಲಿಟ್ಟು, "ಇದೇ ಸಾರ್" ಅಂದರು.

ಸಾರ್ ಒಳ್ಳೆಯವರು, ಆದರೆ ಲೆಕ್ಚರರು. ನಾವು ಕೊಡುವುದಕ್ಕೆ ಹೋಗುವವರು, ಹೋದ ಸಲ ನೀವು ಮಲಗಿ ನಾವು ನೋಡಿಕೊಳ್ಳುವ ಹಾಗಾಯಿತು, ಈ ವಯಸ್ಸಿನಲ್ಲಿ ಬಿಲ್ಕುಲ್ ಆಗಲ್ಲ ಅಂದುಬಿಟ್ಟರು. ಅತ್ತೆ ವಾದ ಮಾಡಲಿಲ್ಲ. ಶನಿವಾರ ಬೆಳಗ್ಗೆ ನನ್ನ ಜೊತೆ ಮಧುಗಿರಿ ಬೆಟ್ಟ ಹತ್ತಿ ಸಾರ್, ನೀವು ನನಗಿಂತ ಮೊದಲು ಕೋಟೆಯ ಮೊದಲ ಬಾಗಿಲು ಮುಟ್ಟಿದರೆ ನಾನು ಮನೆಯಲ್ಲೇ ಇರ್ತೀನಿ ಅಂದರು. ಪಾಪ, ಸಾರ್ ಒಪ್ಪಿಕೊಂಡರು. ಸಾಕ್ಷಿಗೆ ಅಂತ ನಾನೂ ಹೋಗಿದ್ದೆ. ಅತ್ತೆ ಸೆರಗು ಬಿಗಿದು, ಚಪ್ಪಲಿ ಕೈಗೆ ತಗೊಂಡು, ಹಿಂದೆ ತಿರುಗದೆ ಹತ್ತಿದರು. ನಾವಿಬ್ಬರೂ ಏದುಸಿರು ಬಿಡುತ್ತಾ ಬಾಗಿಲು ಸೇರುವ ಹೊತ್ತಿಗೆ ನೆರಳಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಸಾರ್ ಬಂಡೆಗೆ ಒರಗಿದರು. ಅತ್ತೆ ಅವರ ನಾಡಿ ಹಿಡಿದು ನೋಡಿ, ಒಂದು ಸಲ ಬಿಪಿ ಚೆಕ್ ಮಾಡಿಸಿಕೊಳ್ಳಿ ಸಾರ್, ಪರದೇಶಕ್ಕೆ ಹೊರಟಿದ್ದೀರಿ ಅಂದರು.

ಆದರೂ ಸಾರ್ ಒಂದು ಷರತ್ತು ಹಾಕಿದರು, ಮನೆಯವರೊಬ್ಬರು ಜೊತೆಗೆ ಬರಬೇಕು ಅಂತ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ನಾನು ಹೈಸ್ಕೂಲ್ ಟೀಚರು, ಬೇಸಿಗೆ ರಜ ಬೇರೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಲು ಹೋದೆವು. ಸೂಜಿ ಹಿಡಿಯುವುದು ಹೇಗೆ ಅಂತ ಅಲ್ಲಿದ್ದ ಹುಡುಗಿಗೆ ಅತ್ತೆ ಪಾಠ ಮಾಡಿದ್ದರಿಂದ ನನ್ನ ತೋಳಿಗೆ ಸ್ವಲ್ಪ ಜೋರಾಗಿಯೇ ಬಿತ್ತು.

ಈಗ ದೊಡ್ಡ ಪ್ರಶ್ನೆ: ಬುರುಡೆಗೆ ಏನು ತುಂಬುವುದು? ಅಲ್ಲಿ ಸಿಗದ ನಮ್ಮ ಕಡೆಯ ಪದಾರ್ಥ ಆಗಬೇಕು ಅಂತ ಅತ್ತೆಯ ಹಟ. ನಮ್ಮ ಮನೆಯ ಜಗಲಿಯಲ್ಲಿ ಪಂಚಾಯಿತಿ ಕೂತಿತು. ರಾಗಿಯ ಮಾತು ಬಿಡಿ, ಅದು ಮಾನ ಕಳೆದಿತ್ತು. ಅಮ್ಮ ಹುಣಸೆಹಣ್ಣು ಅಂದರು. ನಾನು ಫೋನಿನಲ್ಲಿ ನೋಡಿದರೆ ಹುಣಸೆ ಮೂಲತಃ ಆಫ್ರಿಕಾದ್ದು! ಎದುರುಮನೆಯ ಗೌಡತಿ ಹುಚ್ಚೆಳ್ಳಿನ ಚಟ್ನಿಪುಡಿ ಅಂದರು. ಹುಚ್ಚೆಳ್ಳೂ ಆ ಕಡೆಯದೇ. ಅಲಸಂದೆಕಾಳು? ಅದೂ. ರಾಗಿಯೇ ಅಲ್ಲಿಂದ ನಮ್ಮ ಕಡೆ ಬಂದದ್ದಂತೆ. ಕೊನೆಗೆ ನೋಡಿದರೆ ಸೋರೆಬಳ್ಳಿಯೂ ಆಫ್ರಿಕಾದ್ದೇ. ಅತ್ತೆಯ ಮುಖ ನೋಡಬೇಕಿತ್ತು. ಬುರುಡೆಯನ್ನು ತಿರುಗಿಸಿ ನೋಡಿ, "ಹಂಗಾದ್ರೆ ನಮ್ಮ ತಾತ ಮುತ್ತಾತಂದಿರೇ ಅವರ ಪಾತ್ರೆ ವಾಪಸ್ ಕೊಟ್ಟಿಲ್ಲ ಅನ್ನು" ಅಂದರು. ಒಬ್ಬರೂ ನಗಲಿಲ್ಲ, ಅವರು ಅಷ್ಟು ಸಂಕಟದಿಂದ ಹೇಳಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಅಕ್ಕಿ ನೆನೆಹಾಕಿದರು. ಕಜ್ಜಾಯ ಅಂತ ತೀರ್ಮಾನ ಆಯಿತು. ಕಜ್ಜಾಯ ಎಲ್ಲಿಯದು ಅಂತ ನಾನು ಫೋನಿನಲ್ಲಿ ನೋಡಲು ಹೋಗಲಿಲ್ಲ.

ಬುರುಡೆಯ ತುಂಬ ಕಜ್ಜಾಯ ಜೋಡಿಸಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಅದನ್ನು ಪೆಟ್ಟಿಗೆಗೆ ಹಾಕಲು ಬಿಡದೆ ಅತ್ತೆ ಕೈಯಲ್ಲೇ ಹಿಡಿದುಕೊಂಡರು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ತಪಾಸಣೆಯ ಹುಡುಗಿ ಬಟ್ಟೆ ಬಿಚ್ಚಿಸಿದಳು. ಮುಟ್ಟಿ ನೋಡಿದವಳಿಗೆ ಕೊಡದೆ ಇರುವುದು ಹೇಗೆ? ಒಂದು ಕಜ್ಜಾಯ ಹೋಯಿತು. ಪಕ್ಕದ ಸೀಟಿನಲ್ಲಿ ಕೂತವರು ಘಮ ಅಂದರು, ಅವರಿಗೊಂದು. ನೀರು ತಂದುಕೊಟ್ಟ ಗಗನಸಖಿಗೊಂದು. ಪಾವಗಡದ ಅಕ್ಕನ ಲೆಕ್ಕ ನಾನು ಹೇಳುವುದಿಲ್ಲ. ನೈರೋಬಿ ಬರುವ ಹೊತ್ತಿಗೆ ಬುರುಡೆ ಅರ್ಧ ಆಗಿತ್ತು! ಅತ್ತೆಗೆ ಬೆವರು ಕಿತ್ತುಕೊಂಡಿತು. ಅಮ್ಮ ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಡಬ್ಬಿ ಕಜ್ಜಾಯ ಇಟ್ಟಿದ್ದಾರೆ ಅಂತ ನಾನು ಹೇಳಿದ ಮೇಲೆಯೇ ಅವರು ಎದ್ದು ನಿಂತದ್ದು. ಅಲ್ಲಿಯ ಕಸ್ಟಮ್ಸಿನ ಅಧಿಕಾರಿ ಬುರುಡೆ ನೋಡಿ, ಇದು ನಮ್ಮ ಕಡೆಯದಲ್ಲವೇ ಅಂತ ಹುಬ್ಬೇರಿಸಿದ. ಅತ್ತೆ ತಮ್ಮ ಇಂಗ್ಲಿಷಿನಲ್ಲಿ, ಹೌದು, ವಾಪಸ್ ಕೊಡಲು ತಂದಿದ್ದೇನೆ ಅಂದರು. ಆ ಮನುಷ್ಯ ಗಹಗಹಿಸಿ ನಕ್ಕು, ಇದು ಸಾಮಾನು ಅಲ್ಲ, ಊರಿಗೆ ವಾಪಸ್ ಬರುತ್ತಿರುವ ಪ್ರಯಾಣಿಕ ಅಂತ ಹೇಳಿ ಬಿಟ್ಟುಕೊಟ್ಟ. ಅವನಿಗೂ ಒಂದು ಹೋಯಿತು.

ಹಳ್ಳಿ ತಲುಪಿದೆವು. ಕೆಂಪು ಮಣ್ಣು, ಬಂಡೆಗುಡ್ಡ, ಕೊರಟಗೆರೆಯ ಕಡೆ ಎಲ್ಲೋ ಇಳಿದ ಹಾಗಿತ್ತು. ಹೆಂಗಸರು ಹಾಡುತ್ತಾ ಎದುರುಗೊಂಡರು. ಅತ್ತೆ ಒಬ್ಬೊಬ್ಬರ ಮುಖವನ್ನೂ ಹುಡುಕಿದರು. ಆಯಮ್ಮ ಇರಲಿಲ್ಲ.

ಮಾರನೆಯ ದಿನ ಶಿಬಿರ ಶುರುವಾಯಿತು. ಅತ್ತೆಯ ಮೇಜಿನ ಮೇಲೆ ಬಿಪಿ ಯಂತ್ರದ ಪಕ್ಕದಲ್ಲಿ ಬುರುಡೆ. ಬಂದ ಪ್ರತಿ ಹೆಂಗಸಿನ ತೋಳಿಗೆ ಪಟ್ಟಿ ಸುತ್ತಿ, ಬುರುಡೆ ತೋರಿಸಿ, ದುಭಾಷಿಯ ಹುಡುಗಿಯಿಂದ ಇದು ಯಾರದ್ದು ಅಂತ ಕೇಳಿಸುವುದು. ಜನ ಔಷಧಿಗೆ ಬಂದಿದ್ದಾರೆ, ಬುರುಡೆ ಗುರುತಿಸುವುದಕ್ಕಲ್ಲ ಅಂತ ಸಾರ್ ಗೊಣಗಿದರು. ಆದರೆ ಬೇರೆ ಮೇಜುಗಳಿಗಿಂತ ಅತ್ತೆಯ ಸಾಲೇ ಉದ್ದ ಇತ್ತು. ಗುಡ್ಡದ ಆಚೆಯಿಂದಲೂ ಬುರುಡೆ ನೋಡಲು ಜನ ಬಂದರು, ಬಂದವರೆಲ್ಲ ಬಿಪಿ ತೋರಿಸಿಕೊಂಡು ಹೋದರು. ಸಾರ್ ಗೊಣಗುವುದು ನಿಲ್ಲಿಸಿದರು.

ಕೊನೆಗೆ ಒಬ್ಬಾಕೆ ನೀಲಿ ದಾರದ ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ನನಗೆ ಗೊತ್ತು ಅಂದಳು. ಅದು ಹಳ್ಳದ ಆಚೆ ಮನೆಯವರದಂತೆ. ಆದರೆ ಆಯಮ್ಮ ಈಗ ಊರಲ್ಲಿಲ್ಲ, ಮಗಳ ಬಾಣಂತನಕ್ಕೆ ದೂರದ ಊರಿಗೆ ಹೋಗಿದ್ದಾರಂತೆ. ಯಾವಾಗ ಬರುತ್ತಾರೆ? ಮಗು ಹುಟ್ಟಬೇಕು, ಆಮೇಲೆ ಹೇಳಬಹುದು. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ನಲವತ್ತು ದಿನದ ಬಾಣಂತನ ಅಂತ ಆಕೆ ಕೂತರೆ ನಾವು ಹೊರಟೇಹೋಗಿರುತ್ತೇವೆ. ಬಾಣಂತನ ಬಿಟ್ಟು ಬಾ ಅಂತ ಹೇಳಿ ಕಳಿಸಲು ಅತ್ತೆಯ ಮನಸ್ಸು ಒಪ್ಪುತ್ತದೆಯೇ? ಬೇರೆ ಯಾರ ಕೈಗಾದರೂ ಕೊಟ್ಟು ಹೋಗೋಣ ಅಂತ ನಾನಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದಾಚೆ ಅತ್ತೆ ಸೊರಗಿದರು. ಕೆಲಸ ಮಾಡುತ್ತಿದ್ದರು, ಮಕ್ಕಳಿಗೆ ಕೈ ತೊಳೆಯುವುದು ಹೇಳಿಕೊಡುತ್ತಿದ್ದರು, ಸಂಜೆ ಪ್ರಾರ್ಥನೆಯಲ್ಲಿ ಪಾವಗಡದ ಅಕ್ಕನ ಜೊತೆ ತೆಲುಗು ಹಾಡಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಆದರೆ ಕಣ್ಣೆಲ್ಲ ಹಳ್ಳದ ಕಡೆ. ಬುರುಡೆಗೆ ಇರುವೆ ಮುತ್ತದ ಹಾಗೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ಇಡುತ್ತಿದ್ದರು. ಕಜ್ಜಾಯ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ಪಾವಗಡದ ಅಕ್ಕ ನನ್ನ ಕಿವಿಯಲ್ಲಿ, "ನಿಮ್ ಅತ್ತಮ್ಮ ಮನಿಷಿ ಕಾದು, ಮನುಷ್ಯರೇ ಅಲ್ಲ ಕಣಮ್ಮ, ಬುರುಡೆ ಕೊಡೋ ತಂಕ ವಿಮಾನ ಹತ್ತಲ್ಲ ನೋಡು" ಅಂದರು. ನನಗೂ ಅದೇ ದಿಗಿಲು.

ಹೊರಡುವ ಹಿಂದಿನ ದಿನ, ಬೀಳ್ಕೊಡುವ ಕೂಟ. ಸಾರ್ ಮೈಕ್ ಹಿಡಿದಿದ್ದರು. ಹಿಂದಿನ ಸಾಲಿನಲ್ಲಿ ಗುಜುಗುಜು ಆಯಿತು. ಜನ ದಾರಿ ಬಿಟ್ಟರು. ಹೂವಿನ ಬಟ್ಟೆ ತಲೆಗೆ ಕಟ್ಟಿದ ಒಬ್ಬ ವಯಸ್ಸಾದ ಹೆಂಗಸು, ಕಾಲೆಲ್ಲ ಧೂಳು, ನೇರ ನಡೆದು ಬಂದು ಅತ್ತೆಯ ಮಡಿಲಿನಿಂದ ಬುರುಡೆಯನ್ನು ಕಿತ್ತುಕೊಂಡರು. ಸೊಂಟದ ಮೇಲೆ ಕೈಯಿಟ್ಟು ಒಂದೇ ಉಸಿರಿಗೆ ಬಯ್ಯತೊಡಗಿದರು! ಸಾರ್ ಮಾತು ನಿಲ್ಲಿಸಿದರು. ದುಭಾಷಿಯ ಹುಡುಗಿ ಬೆಪ್ಪಾಗಿ, ಹೇಳಲೋ ಬೇಡವೋ ಅಂತ ನಮ್ಮ ಮುಖ ನೋಡಿದಳು. ಹೇಳಮ್ಮ ಅಂತ ಅತ್ತೆ.

ಹುಡುಗಿ ಸಂಕೋಚದಿಂದ ಹೇಳಿದಳು: ನನ್ನ ಬುರುಡೆ ತಗೊಂಡು ಇಷ್ಟು ಕಾಲ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳುತ್ತಿದ್ದಾರೆ.

ಅತ್ತೆಯ ಮುಖ ಅರಳಿತು ನೋಡಿ! ಸಾರ್ ಕಡೆ ತಿರುಗಿ, "ನೋಡುದ್ರಾ ಸಾರ್? ಕಾಣಿಕೆ ಅಂದ್ರಲ್ಲ!" ಅಂದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಊರಿನ ಹೆಂಗಸರು ಫೋನ್ ಮಾಡಿ, ನಿನ್ನ ಬುರುಡೆ ಎತ್ತಿಕೊಂಡು ಹೋದವಳು ಬಂದಿದ್ದಾಳೆ ಅಂತ ತಿಳಿಸಿದ್ದರಂತೆ. ಮೊಮ್ಮಗಳು ಹುಟ್ಟಿದ ಮೇಲೆ ಸ್ನಾನ ಮಾಡಿಸಿ, ಬಾಣಂತಿಯ ಹತ್ತಿರ ಬೀಗಿತ್ತಿಯನ್ನು ಕೂರಿಸಿ ಆಯಮ್ಮ ಬಸ್ಸು ಹತ್ತಿದ್ದರು. ಈಗ ಬಟ್ಟೆ ಬಿಚ್ಚಿ ಒಳಗೆ ನೋಡಿದರು. ಒಂದು ಕಜ್ಜಾಯ ಕಚ್ಚಿದರು, ಹಲ್ಲಿಗೆ ಕಷ್ಟವಾದರೂ ಬಿಡದೆ ಅಗಿದರು, ಉಳಿದದ್ದನ್ನು ಸುತ್ತ ಇದ್ದವರಿಗೆಲ್ಲ ಹಂಚಿದರು. ಆಮೇಲೆ ಮತ್ತೆ ಬಯ್ಗುಳ ಶುರು. ಈಗ ಯಾಕಂತೆ ಅಂತ ಅತ್ತೆ ಕೇಳಿದರು. ಹುಡುಗಿ ಹೇಳಿದಳು: "ತುಂಬಿಸಿ ಯಾಕೆ ತಂದೆ, ನಾನೇನು ಹೊರಗಿನವಳಾ ಅಂತಾರೆ. ಬರಿದು ತಂದಿದ್ರೆ ತಾನೆ ನಾನು ತುಂಬ್ಸೋದು, ಅಂತಾರೆ."

ಆಯಮ್ಮ ಅತ್ತೆಯ ಮೊಣಕೈ ಹಿಡಿದು, ಕೂಟದ ನಡುವಿನಿಂದಲೇ ಎಬ್ಬಿಸಿಕೊಂಡು ಹಳ್ಳದ ಆಚೆ ಮನೆಗೆ ಕರೆದುಕೊಂಡು ಹೋದರು. ಹಿಂದೆ ನಾನು. ಒಲೆ ಹಚ್ಚಿ, ರಾಗಿ ಅಂಬಲಿ ಕಾಯಿಸಿ, ಬುರುಡೆ ತೊಳೆದು ತುಂಬಿಸಿ, ಒಂದು ಗಿಡ್ಡ ಮಣೆಯ ಮೇಲೆ ಅತ್ತೆಯನ್ನು ಕೂರಿಸಿ ಕೈಗೆ ಕೊಟ್ಟು, ತಾವು ಎದುರಿಗೆ ಕೂತರು. ದುಭಾಷಿ ಇರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಅತ್ತೆ ಎರಡೂ ಕೈಯಲ್ಲಿ ಹಿಡಿದು ತಳ ಕಾಣುವತನಕ ಕುಡಿದರು. ಬುರುಡೆಯನ್ನು ಬರಿದಾಗಿಯೇ ಅವರ ಕೈಗೆ ಕೊಟ್ಟರು. ಇಬ್ಬರೂ ಬುರುಡೆಯನ್ನು ಬಿಡದೆ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಹಳ್ಳ ದಾಟಿ ವಾಪಸ್ ಬರುವಾಗ ಅತ್ತೆ ತಾವಾಗಿಯೇ ಹೇಳಿದರು. "ಎಷ್ಟು ಬಾಣಂತೀರಿಗೆ ಗಂಜಿ ಕುಡ್ಸಿದೀನೋ ನನಗೇ ನೆಪ್ಪಿಲ್ಲ. ನಾನು ಮಲಗಿದ್ದಾಗ ಪಕ್ಕದಲ್ಲಿ ಕೂತು ಕುಡ್ಸಿದ್ದು ನಮ್ಮಮ್ಮ. ಅವಳು ಹೋದ್ಮೇಲೆ ಇವಳೊಬ್ಳೇ ಕಣೇ." ಬಾಗಿಲು ಹಾಕಿಕೊಂಡು ಇದ್ದವರು ನೀವೇ ಅಲ್ಲವೇ ಅತ್ತೆ ಅನ್ನಬೇಕು ಅಂತ ನನಗೆ ಅನ್ನಿಸಿತು. ಅದರ ಬದಲು ಅವರ ಕೈ ಹಿಡಿದುಕೊಂಡೆ. ಹಳ್ಳದ ಕಲ್ಲು ಜಾರುತ್ತದೆ ಅಂತ ನೆಪ ಹೇಳಿದೆ.

ನಾವು ಊರಿಗೆ ಬಂದಮೇಲೆ ಮಳೆಗಾಲ ಹಿಡಿಯಿತು. ಎರಡು ದಿನ ಅತ್ತೆ ಚರ್ಚಿನ ಹತ್ತಿರ ಕಾಣಲಿಲ್ಲ. ನಾನು ಕೇಳಲು ಹೋಗಲಿಲ್ಲ, ರಾಗಿ ಗಂಜಿ ಕಾಯಿಸಿ ಮುಚ್ಚಳದ ಬಟ್ಟಲಿಗೆ ಹಾಕಿಕೊಂಡು ಹೋಗಿ ಬಾಗಿಲು ಬಡಿದೆ. ಶಾಲು ಹೊದ್ದುಕೊಂಡು ಬಾಗಿಲು ತೆಗೆದರು, ಮೈ ಸುಡುತ್ತಿತ್ತು. ಪಕ್ಕದಲ್ಲಿ ಕೂತೆ. ಯಾಕೆ ತಂದೆ ಅಂತ ಗೊಣಗಿದರು, ಆದರೆ ಕುಡಿದರು. ಬಟ್ಟಲು ನಾನೇ ತೊಳೆದು ಇಟ್ಟಿರುತ್ತೇನೆ ಅಂದರು.

ಮಾರನೆಯ ಬೆಳಗ್ಗೆ ಜ್ವರ ಇಳಿದ ಮುಖ ಹೊತ್ತು ನಮ್ಮ ಅಡುಗೆಮನೆಗೆ ಬಂದು ಬಟ್ಟಲನ್ನು ಕೈಗೆ ಕೊಟ್ಟರು. ಹಗುರವಾಗಿತ್ತು. ಮುಚ್ಚಳ ತೆಗೆದೆ. ನಿಪ್ಪಟ್ಟಿಲ್ಲ, ಚಕ್ಕುಲಿಯಿಲ್ಲ, ಒಂದು ಹಿಡಿ ಸಕ್ಕರೆಯೂ ಇಲ್ಲ. ಒಲೆಯ ಮುಂದೆ ನಿಂತಿದ್ದ ಅಮ್ಮ ಬಗ್ಗಿ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅದೇನು ಇಬ್ರೂ ಹಂಗೆ ನೋಡ್ತೀರ?" ಅಂದರು ಅತ್ತೆ, ಬಾಗಿಲ ಕಡೆ ತಿರುಗಿಕೊಂಡು. "ಏನೂ ಇಲ್ಲ ಅದ್ರಲ್ಲಿ. ನಾಳೆಗೂ ಒಸಿ ಗಂಜಿ ತಗಂಬಾ."